ಒದ್ದೆ ಬಟ್ಟೆ, ಲೋಳೆ ಸ್ಪಾಂಜು

ಅಡುಗೆಮನೆಯ ಒರೆಸುವ ಬಟ್ಟೆ ಮತ್ತು ಪಾತ್ರೆ ತಿಕ್ಕುವ ಸ್ಪಾಂಜುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಸ್ಪಾಂಜು ದಿನಕ್ಕೆ ಮೂರು ಸಲ ಸೋಪಿನ ನೊರೆಯಲ್ಲೇ ಮುಳುಗಿ ಏಳುತ್ತದೆ. ಆದರೂ ಎರಡು ವಾರಕ್ಕೆ ಮುಗ್ಗಲು ವಾಸನೆ. ಸೋಪಿನಲ್ಲೇ ಇರುವುದು ಕೊಳಕಾಗುವುದಾದರೂ ಹೇಗೆ?

ಉತ್ತರ: ಪಾತ್ರೆ ಸೋಪು ಜಿಡ್ಡನ್ನು ಸಡಿಲಿಸುತ್ತದೆ. ಸಡಿಲಾದ ಜಿಡ್ಡಿನ ಜೊತೆ ಸೂಕ್ಷ್ಮಾಣುಗಳೂ ನೀರಿನಲ್ಲಿ ಹರಿದುಹೋಗುತ್ತವೆ. ಅವನ್ನು ಪೂರ್ತಿ ಕೊಲ್ಲುವ ಶಕ್ತಿ ಅದಕ್ಕಿಲ್ಲ. ತಟ್ಟೆಯ ನುಣುಪು ಮೈಗೆ ಇಷ್ಟು ಸಾಕು, ಆದರೆ ಸ್ಪಾಂಜಿನ ಒಳಗಿನ ಸಾವಿರಾರು ಗೂಡುಗಳಿಂದ ಕೊಳೆ ಹರಿದುಹೋಗಲು ದಾರಿಯಿಲ್ಲ. ಅಲ್ಲಿ ಆಹಾರದ ಚೂರು, ನೀರು, ಬೆಚ್ಚಗಿನ ಹವೆ ಮೂರೂ ಒಟ್ಟಿಗೆ ಸಿಗುತ್ತವೆ. ಇಂಥ ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಒಂದು ರಾತ್ರಿಯ 8 ಗಂಟೆಯಲ್ಲಿ 24 ಸಲ ಇಮ್ಮಡಿ ಎಂದರೆ, ಕಾಗದದ ಮೇಲಿನ ಲೆಕ್ಕದಲ್ಲಿ, ಒಂದು ಹೋಗಿ 1.6 ಕೋಟಿ ದಾಟುತ್ತದೆ. ಆಹಾರ ಮತ್ತು ಜಾಗ ಮುಗಿಯುವುದರಿಂದ ನಿಜದಲ್ಲಿ ಲೆಕ್ಕ ಅಷ್ಟು ಸಲೀಸಾಗಿ ಏರುವುದಿಲ್ಲ ಅನ್ನುವುದಷ್ಟೇ ಸಮಾಧಾನ.

ಬೆರಳಿಗೆ ಜಾರುವ ಲೋಳೆಯು ಬ್ಯಾಕ್ಟೀರಿಯಾ ತಮ್ಮ ಸುತ್ತ ತಾವೇ ಕಟ್ಟಿಕೊಂಡ ಪೊರೆ. ಅದು ಒಮ್ಮೆ ಕಟ್ಟಿದರೆ ಸೋಪಾಗಲಿ ಬ್ಲೀಚಾಗಲಿ ಒಳಗಿನವರೆಗೆ ತಲುಪುವುದು ಕಷ್ಟ. ಜರ್ಮನಿಯ ಫುರ್ಟ್‌ವಾಂಗನ್ ವಿಶ್ವವಿದ್ಯಾಲಯದ ತಂಡ ಮನೆಗಳಲ್ಲಿ ಬಳಸಿದ 14 ಸ್ಪಾಂಜುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ಜಾಗಗಳಲ್ಲಿ ಒಂದು ಘನ ಸೆಂಟಿಮೀಟರಿಗೆ 5,400 ಕೋಟಿಯಷ್ಟು ಬ್ಯಾಕ್ಟೀರಿಯಾ ಕಂಡವು. ಹೇರಳವಾಗಿದ್ದ ಬಗೆಗಳಲ್ಲಿ ಒಂದು ಮೊರಾಕ್ಸೆಲ್ಲಾ ಓಸ್ಲೊಎನ್ಸಿಸ್. ಸರಿಯಾಗಿ ಒಣಗದ ಬಟ್ಟೆಯಿಂದ ಬರುವ ಮುಗ್ಗಲು ವಾಸನೆಗೂ ಇದೇ ಕಾರಣ.

ಹಾಗೆಂದು ಗಾಬರಿ ಬೇಡ. ಇವುಗಳಲ್ಲಿ ಬಹುಪಾಲು ಆರೋಗ್ಯವಂತರಿಗೆ ತೊಂದರೆ ಕೊಡುವುದಿಲ್ಲ. ಹಸಿ ಮಾಂಸ, ಮೀನು, ಮೊಟ್ಟೆಯ ಲೋಳೆ ಒರೆಸಿದ ಸ್ಪಾಂಜು ಮಾತ್ರ ಬೇರೆ ಮಾತು. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳಾದ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ಗಳು ಒಳಗೆ ಬರುವುದು ಆ ದಾರಿಯಲ್ಲಿ. ಮನೆಯಲ್ಲಿ ಹಸುಗೂಸು, ಗರ್ಭಿಣಿ, ವಯಸ್ಸಾದವರು ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದವರು ಇದ್ದರೆ ಇನ್ನೂ ಎಚ್ಚರ ಬೇಕು.

ಪ್ರಶ್ನೆ: ಸ್ಪಾಂಜನ್ನು ಮೈಕ್ರೊವೇವ್‌ನಲ್ಲಿ ಇಟ್ಟರೆ ಸಾಕು ಎಂದು ಕೆಲವರು, ಅದರಿಂದ ಏನೂ ಆಗುವುದಿಲ್ಲ ಎಂದು ಇನ್ನು ಕೆಲವರು. ಯಾವುದು ನಿಜ?

ಉತ್ತರ: ಎರಡರಲ್ಲೂ ನಿಜವಿದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2007ರಲ್ಲಿ ಪರೀಕ್ಷಿಸಿದಾಗ, ಒದ್ದೆ ಸ್ಪಾಂಜನ್ನು 1 ನಿಮಿಷ ಮೈಕ್ರೊವೇವ್‌ನಲ್ಲಿ ಇಟ್ಟರೆ ಶೇ 99.9999ಕ್ಕೂ ಹೆಚ್ಚು ಬ್ಯಾಕ್ಟೀರಿಯಾ ಸತ್ತವು. ಬ್ಲೀಚು, ನಿಂಬೆರಸ ಅಥವಾ ಬರೀ ನೀರಿನಲ್ಲಿ ನೆನೆಸಿದಾಗ ಸತ್ತದ್ದು ಶೇ 37ರಿಂದ 87. ಜರ್ಮನಿಯ ಅಧ್ಯಯನದಲ್ಲಿ ಮಾತ್ರ, ಮನೆಯವರು ಆಗಾಗ ಶುದ್ಧಿ ಮಾಡುತ್ತಿದ್ದ ಸ್ಪಾಂಜುಗಳಲ್ಲಿ ಬ್ಯಾಕ್ಟೀರಿಯಾ ಕಡಿಮೆಯೇನೂ ಇರಲಿಲ್ಲ. ಬಿಸಿ ಮಾಡಿದ ಗಳಿಗೆಯಲ್ಲಿ ಸಾಯುವುದು ನಿಜ, ಆದರೆ ಉಳಿದ ಬೆರಳೆಣಿಕೆಯವು ಖಾಲಿಯಾದ ಜಾಗವನ್ನೆಲ್ಲ ಮತ್ತೆ ತುಂಬಿಕೊಳ್ಳುತ್ತವೆ. ಬಿಸಿ ಮಾಡಿದ ಸ್ಪಾಂಜನ್ನು ತಿರುಗಿ ಸಿಂಕಿನ ಒದ್ದೆ ಮೂಲೆಗೆ ಎಸೆದರೆ ಮಾಡಿದ ಕೆಲಸ ನೀರುಪಾಲು.

ಮಾಡುವುದಾದರೆ ಹೀಗೆ ಮಾಡಿ. ಸ್ಪಾಂಜಿನಲ್ಲಿ, ಅದರ ಬೆನ್ನಿಗಂಟಿದ ಒರಟು ಪದರದಲ್ಲಿ ಲೋಹದ ಎಳೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಇದ್ದರೆ ಕಿಡಿ ಹಾರುತ್ತದೆ. ಹರಿಯುವ ನೀರಿನಲ್ಲಿ ಸೋಪು, ಚೂರುಗಳೆಲ್ಲ ಹೋಗುವವರೆಗೆ ಹಿಂಡಿ ತೊಳೆದು, ಕೊನೆಗೆ ಹಿಂಡದೆ, ನೀರು ತೊಟ್ಟಿಕ್ಕುವಂತೆಯೇ ತಟ್ಟೆಯಲ್ಲಿಡಿ. ಕೊಲ್ಲುವುದು ಒಳಗೆ ಹುಟ್ಟುವ ಬಿಸಿ ಹಬೆ, ಹಾಗಾಗಿ ನೀರು ಇರಲೇಬೇಕು. ಒಣ ಸ್ಪಾಂಜು ಹೊತ್ತಿಕೊಂಡು ಉರಿಯುತ್ತದೆ. ಪೂರ್ಣ ಶಕ್ತಿಯಲ್ಲಿ 1 ನಿಮಿಷ, ದಪ್ಪಗಿದ್ದರೆ 2 ನಿಮಿಷ ಸಾಕು. ಅಷ್ಟು ಹೊತ್ತು ಅಲ್ಲೇ ನಿಂತಿರಿ. ಆಮೇಲೆ ಬಾಗಿಲು ತೆರೆದು 5 ನಿಮಿಷ ಬಿಟ್ಟು ಚಿಮಟಿಗೆಯಿಂದ ತೆಗೆಯಿರಿ. ಹೊರಮೈ ಆರಿದಂತೆ ಕಂಡರೂ ಒಳಗಿನ ನೀರು ಕುದಿಯುತ್ತಿರುತ್ತದೆ, ತಕ್ಷಣ ಹಿಂಡಿದವರ ಕೈ ಬೊಬ್ಬೆ ಏಳುತ್ತದೆ.

ಮೈಕ್ರೊವೇವ್ ಇಲ್ಲದಿದ್ದರೆ ನೀರು ಮರಳಲು ಶುರುವಾದ ಮೇಲೆ 5 ನಿಮಿಷ ಕುದಿಸಿ. ಸ್ಪಾಂಜು ತೇಲುತ್ತದೆ, ತೇಲಿದ ಭಾಗಕ್ಕೆ ಬಿಸಿ ತಟ್ಟುವುದಿಲ್ಲ. ಸಣ್ಣ ತಟ್ಟೆಯನ್ನು ಮೇಲಿಟ್ಟು ಮುಳುಗಿಸಿ. ಲೇಬಲ್ಲಿನಲ್ಲಿ ಕುದಿಸಬಾರದು ಎಂದಿರುವ ಫೋಮ್ ಸ್ಪಾಂಜುಗಳಿಗೆ ಎರಡೂ ಬೇಡ.

ಏನೇ ಮಾಡಿದರೂ ಇದರಿಂದ ಸಿಗುವುದು ಕೆಲವು ದಿನಗಳ ಬಿಡುವು ಮಾತ್ರ. ವಾರಕ್ಕೋ ಎರಡು ವಾರಕ್ಕೋ ಸ್ಪಾಂಜು ಬದಲಾಗಬೇಕು. ತೊಳೆದು ಹಿಂಡಿದ ಮೇಲೂ ವಾಸನೆ ಅಥವಾ ಲೋಳೆ ಉಳಿದರೆ, ಅಂಚು ಪುಡಿಪುಡಿಯಾಗಿ ಉದುರಿದರೆ ಆ ದಿನವೇ ಎಸೆಯಿರಿ.

ಪ್ರಶ್ನೆ: ಸ್ಪಾಂಜು, ಬ್ರಶ್, ನಾರು, ಉಕ್ಕಿನ ಸ್ಕ್ರಬ್ಬರ್. ಯಾವುದನ್ನು ಕೊಳ್ಳಬೇಕು?

ಉತ್ತರ: ಶುಚಿತ್ವವೊಂದನ್ನೇ ನೋಡಿದರೆ ಉದ್ದ ಹಿಡಿಯ ನೈಲಾನ್ ಬ್ರಶ್. ಅದರ ಕೂದಲು ನೀರು ಹೀರುವುದಿಲ್ಲ, ಒಂದು ಸಲ ಕೊಡವಿದರೆ ಬೇಗ ಒಣಗುತ್ತದೆ. ನಾರ್ವೆಯ ನೊಫಿಮಾ ಸಂಶೋಧನಾ ಸಂಸ್ಥೆ ಎರಡನ್ನೂ ಹೋಲಿಸಿದಾಗ, ಒಣಗುವ ಬ್ರಶ್ಶಿನಲ್ಲಿ ಸಾಲ್ಮೊನೆಲ್ಲಾ ಸಾಯುತ್ತಿತ್ತು, ಸದಾ ಒದ್ದೆಯಾಗಿರುವ ಸ್ಪಾಂಜಿನಲ್ಲಿ ಬದುಕುಳಿಯುತ್ತಿತ್ತು. ಕೊಳ್ಳುವಾಗ ಕೂದಲು ಸ್ವಲ್ಪ ವಿರಳವಾಗಿರುವುದನ್ನೇ ಆರಿಸಿ. ಒತ್ತೊತ್ತಾಗಿದ್ದರೆ ಬುಡದಲ್ಲಿ ಆಹಾರ ಸಿಕ್ಕಿಕೊಳ್ಳುತ್ತದೆ. ಕೂದಲು ಮೇಲೆ ಬರುವಂತೆ ಲೋಟದಲ್ಲಿ ನಿಲ್ಲಿಸಿದರೆ ಕೊಳೆನೀರೆಲ್ಲ ಬುಡಕ್ಕಿಳಿಯುತ್ತದೆ, ತೂಗುಹಾಕುವುದೇ ವಾಸಿ.

ಸ್ಪಾಂಜೇ ಬೇಕೆನ್ನುವವರು ತೆಳ್ಳಗಿನ ಸೆಲ್ಯುಲೋಸ್ ಸ್ಪಾಂಜು ನೋಡಿ. ಮರದ ತಿರುಳಿನಿಂದ ಮಾಡಿದ್ದು, ಕುದಿಸಿದರೆ ತಡೆಯುತ್ತದೆ. ಒಣಗಿದಾಗ ಹಲಗೆಯಂತೆ ಗಟ್ಟಿಯಾಗುವುದು ದೋಷವಲ್ಲ, ಪೂರ್ತಿ ಒಣಗಿದೆ ಅನ್ನುವುದಕ್ಕೆ ಅದೇ ಗುರುತು. ಪಾಲಿಯುರೇಥೇನ್ ಫೋಮ್ ಮೆತ್ತಗಿರುವುದರಿಂದ ಒಳಗೆ ಒದ್ದೆ ಉಳಿದಿದೆಯೋ ಇಲ್ಲವೋ ಮುಟ್ಟಿದರೆ ಗೊತ್ತಾಗುವುದಿಲ್ಲ. ಒಣ ಹೀರೆಕಾಯಿಯ ನಾರು ಗಾಳಿಯಾಡುವಂತೆ ಬಿಡಿಬಿಡಿಯಾಗಿದೆ, ಒಳ್ಳೆಯದೇ, ಆದರೆ ಒದ್ದೆಯಲ್ಲೇ ಬಿಟ್ಟರೆ ಕಪ್ಪು ಬೂಷ್ಟು ಹಿಡಿಯುತ್ತದೆ. ಉಕ್ಕಿನ ಸ್ಕ್ರಬ್ಬರ್ ತಳ ಹತ್ತಿದ ಸ್ಟೀಲ್ ಪಾತ್ರೆಗೆ ಮಾತ್ರ. ನಾನ್‌ಸ್ಟಿಕ್ ಲೇಪನವನ್ನು ಅದು ಕೆರೆದು ಹಾಕುತ್ತದೆ, ಹಳೆಯದಾದರೆ ತುಂಡಾದ ಎಳೆಗಳು ಆಹಾರಕ್ಕೂ ಬೀಳುತ್ತವೆ. ಬಿಳಿಯ ಮೆಲಮೈನ್ ಫೋಮ್ ಗೋಡೆ, ಸ್ವಿಚ್ಚಿನ ಕಲೆಗೆ ಸರಿ. ಅದೂ ಸೂಕ್ಷ್ಮ ಉಪ್ಪುಕಾಗದದಂತೆ ಉಜ್ಜಿ ತೆಗೆಯುವಂಥದ್ದು, ಪಾತ್ರೆಗೆ ಬೇಡ.

ಪ್ರಶ್ನೆ: ಬ್ಯಾಕ್ಟೀರಿಯಾ ನಿರೋಧಕ ಎಂದು ಬರೆದಿರುವ ಸ್ಪಾಂಜಿಗೆ ಹೆಚ್ಚು ಹಣ ಕೊಡಬಹುದೇ?

ಉತ್ತರ: ಬೇಡ. ಪೊಟ್ಟಣದ ಸಣ್ಣಕ್ಷರ ಓದಿ: ಆ ರಾಸಾಯನಿಕ ಇರುವುದು ಸ್ಪಾಂಜು ಬೇಗ ವಾಸನೆ ಹಿಡಿಯದಂತೆ ನೋಡಿಕೊಳ್ಳಲು. ನಿಮ್ಮ ತಟ್ಟೆಯನ್ನು ಅದು ಕಾಯುವುದಿಲ್ಲ.

ಪ್ರಶ್ನೆ: ಕಟ್ಟೆ ಒರೆಸಲು, ಪಾತ್ರೆ ಒರೆಸಲು, ಕೈ ಒರೆಸಲು ಒಂದೇ ಬಟ್ಟೆ ಇದೆ. ದಿನವೂ ಒಗೆಯುತ್ತೇನೆ. ಸಾಲದೇ?

ಉತ್ತರ: ಒಗೆತಕ್ಕೆ ಮೊದಲಿನ ಆ ಇಡೀ ದಿನ ಏನಾಗುತ್ತದೆ ಎಂಬುದು ಪ್ರಶ್ನೆ. ಮಾರಿಷಸ್ ವಿಶ್ವವಿದ್ಯಾಲಯದವರು ಒಂದು ತಿಂಗಳು ಬಳಸಿದ 100 ಅಡುಗೆಮನೆ ಬಟ್ಟೆಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಮಾಡಿದರು. 49ರಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದವು. ಹಲವು ಕೆಲಸಕ್ಕೆ ಬಳಸಿದ ಬಟ್ಟೆಗಳಲ್ಲಿ, ಒದ್ದೆಯಾಗೇ ಇದ್ದ ಬಟ್ಟೆಗಳಲ್ಲಿ ಕರುಳಿನಲ್ಲಿ ಬದುಕುವ ಇ. ಕೋಲೈ ಬ್ಯಾಕ್ಟೀರಿಯಾ ಹೆಚ್ಚು ಕಂಡಿತು.

ಕನಿಷ್ಠ ನಾಲ್ಕು ಬಗೆ ಬೇಕು: ಕೈಗೊಂದು, ತೊಳೆದ ಪಾತ್ರೆಗೊಂದು, ಕಟ್ಟೆಗೊಂದು, ನೆಲಕ್ಕೊಂದು. ಬಗೆಗೊಂದು ಬಣ್ಣ ಇಟ್ಟುಕೊಂಡರೆ ಮನೆಯಲ್ಲಿ ಯಾರು ಕೆಲಸ ಮಾಡಿದರೂ ಅದಲುಬದಲಾಗದು. ಪ್ರತಿ ಬಗೆಯಲ್ಲೂ ಒಂದು ಬಳಕೆಯಲ್ಲಿ, ಒಂದು ಒಗೆತದಲ್ಲಿ, ಒಂದು ಕಪಾಟಿನಲ್ಲಿ ಎಂದರೆ 12 ಬಟ್ಟೆ. ಒಂದು ದಪ್ಪ ಟವೆಲ್ಲಿಗಿಂತ ಹತ್ತು ತೆಳುಬಟ್ಟೆ ಮೇಲು. ಹಸಿ ಮಾಂಸದ ನೀರು ಚೆಲ್ಲಿದರೆ ಬಟ್ಟೆ ಮುಟ್ಟಲೇಬೇಡಿ, ಪೇಪರ್ ಟವೆಲ್ಲಿನಲ್ಲಿ ಒರೆಸಿ ಎಸೆದು ಜಾಗವನ್ನು ಸೋಪುನೀರಿನಿಂದ ತೊಳೆಯಿರಿ. ತೊಳೆದ ಪಾತ್ರೆಯನ್ನು ಒರೆಸುವುದಕ್ಕಿಂತ ಬೋರಲು ಹಾಕಿ ಗಾಳಿಗೆ ಆರಿಸುವುದು ಒಳ್ಳೆಯದು. ಅಮೆರಿಕದ ಆಹಾರ ಸಂಹಿತೆ ಹೋಟೆಲುಗಳಿಗೆ ಹೇಳುವುದೂ ಇದನ್ನೇ. ಶುದ್ಧಿ ಮಾಡಿದ ಪಾತ್ರೆಗೆ ಸ್ಪಾಂಜು ತಾಗಿಸುವುದನ್ನೂ ಅದು ನಿಷೇಧಿಸಿದೆ.

ಪ್ರಶ್ನೆ: ಹೊಸ ಹತ್ತಿ ಬಟ್ಟೆ ನೀರನ್ನೇ ಹೀರುವುದಿಲ್ಲ, ಬರೀ ಸವರುತ್ತದೆ. ಮೈಕ್ರೊಫೈಬರ್ ಕೊಳ್ಳಬೇಕೆ?

ಉತ್ತರ: ಬಟ್ಟೆ ಕೆಟ್ಟದ್ದೆಂದು ಎಸೆಯಬೇಡಿ. ನೇಯುವಾಗ ನೂಲಿಗೆ ಹಾಕಿದ ಗಂಜಿ, ಆಮೇಲೆ ಮೆರುಗಿಗೆ ಸವರಿದ ಲೇಪ ಇನ್ನೂ ಹೋಗಿಲ್ಲ. ಬಿಸಿನೀರಿನಲ್ಲಿ ಎರಡು ಮೂರು ಸಲ ಒಗೆಯಿರಿ. ಆಮೇಲೆ ಮೇಲಿಂದ ಒಂದು ಹನಿ ನೀರು ಬಿಡಿ. ಹನಿ ತಕ್ಷಣ ಇಂಗಿದರೆ ಸರಿ, ಮಣಿಯಂತೆ ನಿಂತರೆ ಇನ್ನೊಂದು ಒಗೆತ ಬೇಕು. ಚೌಕುಳಿ ಗುಳಿಗಳ ನೇಯ್ಗೆಯ ಬಟ್ಟೆ ಬೇಗ ಹೀರಿ ಬೇಗ ಒಣಗುತ್ತದೆ.

ಮೈಕ್ರೊಫೈಬರ್ ಪಾಲಿಯೆಸ್ಟರ್ ಮತ್ತು ನೈಲಾನಿನ ಸೀಳು ಎಳೆಗಳ ಬಟ್ಟೆ. ಧೂಳು, ಜಿಡ್ಡು ಹಿಡಿಯುವುದರಲ್ಲಿ ಹತ್ತಿಗಿಂತ ಮುಂದು. ಆದರೆ ಕುದಿಸುವಂತಿಲ್ಲ, ಬ್ಲೀಚು ಹಾಕುವಂತಿಲ್ಲ. ಬಟ್ಟೆ ಮೆತ್ತಗಾಗಿಸುವ ದ್ರವ ಬಿದ್ದರೆ ಸೀಳುಗಳು ಮುಚ್ಚಿ ಅದರ ಗುಣವೇ ಹೋಗುತ್ತದೆ. ಗಾಜಿಗೆ, ಒಲೆಯ ಮೇಲ್ಮೈಗೆ ಮೈಕ್ರೊಫೈಬರ್, ಆಹಾರದ ಹತ್ತಿರ ಹೋಗುವ ಎಲ್ಲದಕ್ಕೂ ಹತ್ತಿ. ನಮ್ಮ ಆಯ್ಕೆ ಇದು.

ಪ್ರಶ್ನೆ: ಒಗೆದು ಒಣಗಿಸಿದರೂ ಬಟ್ಟೆಯಲ್ಲಿ ಕಮಟು ಎಣ್ಣೆಯ ವಾಸನೆ. ಒದ್ದೆಯಾದರೆ ಇನ್ನೂ ಜಾಸ್ತಿ.

ಉತ್ತರ: ಎಣ್ಣೆ ನೂಲಿನೊಳಗೆ ಉಳಿದು ಗಾಳಿಗೆ ಕೆಟ್ಟಿದೆ. ತಣ್ಣೀರಿನ ಒಗೆತ ಅದನ್ನು ಅಲುಗಿಸದು. ಸ್ಟೀಲ್ ಪಾತ್ರೆಯಲ್ಲಿ 3 ಲೀಟರ್ ಬಿಸಿನೀರಿಗೆ 3 ದೊಡ್ಡ ಚಮಚ ವಾಷಿಂಗ್ ಸೋಡಾ, 1 ಚಮಚ ಒಗೆಯುವ ಪುಡಿ ಕರಗಿಸಿ. ಬಟ್ಟೆಯನ್ನು ಒಂದು ಗಂಟೆ ನೆನೆಸಿ, ಅದೇ ನೀರಿನಲ್ಲಿ 10 ನಿಮಿಷ ಸಣ್ಣಗೆ ಕುದಿಸಿ. ನೀರು ಕಂದು ಬಣ್ಣಕ್ಕೆ ತಿರುಗಿದರೆ ಎಣ್ಣೆ ಬಿಡುತ್ತಿದೆ ಎಂದರ್ಥ. ಎರಡು ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿಂದು ಕಪ್ಪಾಗಿಸುತ್ತದೆ. ಸೋಡಾದ ಜೊತೆ ವಿನೆಗರ್ ಸುರಿಯುವ ಅಭ್ಯಾಸವೂ ಇದೆ. ನೊರೆ ನೋಡಲು ಚೆಂದ, ಆದರೆ ಕ್ಷಾರ ಮತ್ತು ಆಮ್ಲ ಒಂದನ್ನೊಂದು ಕೊಂದು ಎರಡೂ ಕೆಲಸಕ್ಕೆ ಬಾರದಂತಾಗುತ್ತವೆ.

ಪ್ರಶ್ನೆ: ಬ್ಲೀಚು ಎಷ್ಟು ಹಾಕಬೇಕು?

ಉತ್ತರ: ಶೇ 5ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವಾದರೆ 1 ಲೀಟರ್ ತಣ್ಣೀರಿಗೆ 20 ಮಿ.ಲೀ. ಬಿಳಿ ಹತ್ತಿ ಬಟ್ಟೆಗೆ 5 ನಿಮಿಷ ಸಾಕು, ಆಮೇಲೆ ಚೆನ್ನಾಗಿ ಜಾಲಿಸಿ. ಮೊದಲು ಒಗೆದು ಕೊಳೆ ತೆಗೆದಿರಬೇಕು, ಇಲ್ಲದಿದ್ದರೆ ಬ್ಲೀಚಿನ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತದೆ. ಬಿಸಿನೀರಿನಲ್ಲಿ ಅದು ಬೇಗ ಕೆಡುತ್ತದೆ, ಕಲಸಿದ್ದನ್ನು ನಾಳೆಗೆ ಇಡಬೇಡಿ. ವಿನೆಗರ್, ಶೌಚಾಲಯದ ಆ್ಯಸಿಡ್, ಅಮೋನಿಯಾ ಇರುವ ಯಾವುದನ್ನೂ ಅದರೊಡನೆ ಸೇರಿಸಬಾರದು. ವಿಷಾನಿಲ ಏಳುತ್ತದೆ.

ಪ್ರಶ್ನೆ: ಶುಭ್ರ ಬಟ್ಟೆಗಳನ್ನು ಸಿಂಕಿನ ಕೆಳಗಿನ ಕಪಾಟಿನಲ್ಲಿ ಇಡಬಹುದೇ? ಬಳಕೆಯಲ್ಲಿರುವುದನ್ನು ಎಲ್ಲಿಡಬೇಕು?

ಉತ್ತರ: ಸಿಂಕಿನ ಕೆಳಗೆ ಬೇಡ. ಅಲ್ಲಿ ಕೊಳವೆಯ ತೇವ, ಜಿರಲೆ, ಕಸದ ಡಬ್ಬಿ ಎಲ್ಲವೂ ಇವೆ. ಒಗೆದ ಬಟ್ಟೆ ಪೂರ್ತಿ ಒಣಗಿದ ಮೇಲೆ, ಗಾಳಿಯಾಡುವ ಮೇಲಿನ ಖಾನೆಯಲ್ಲಿ ಮಡಿಸಿಡಿ. ಹೊಲಿಗೆಯ ಅಂಚು, ಮೂಲೆ ಕೊನೆಗೆ ಒಣಗುತ್ತವೆ, ಅಲ್ಲಿ ಕೈಯಿಟ್ಟು ನೋಡಿ. ಹೊಸದಾಗಿ ಒಗೆದದ್ದನ್ನು ಎಲ್ಲಕ್ಕಿಂತ ಕೆಳಗೆ ಸೇರಿಸಿ, ಮೇಲಿನದನ್ನು ಬಳಸಿ.

ಬಳಕೆಯಲ್ಲಿರುವ ಬಟ್ಟೆಯನ್ನು ನಲ್ಲಿಯ ಕತ್ತಿಗೆ ಮುದ್ದೆಯಾಗಿ ಸುತ್ತಬೇಡಿ. ಕಂಬಿಯ ಮೇಲೆ ಒಂದೇ ಪದರವಾಗಿ ಹರಡಿ. ಸ್ಪಾಂಜನ್ನು ತಂತಿಯ ತಟ್ಟೆಯಲ್ಲಿ ಅಗಲದ ಬದಿ ತಾಗದಂತೆ ಅಂಚಿನ ಮೇಲೆ ನಿಲ್ಲಿಸಿ. ಸೋಪಿನ ಬಟ್ಟಲಿನಲ್ಲೇ ಬಿಟ್ಟರೆ ರಾತ್ರಿಯಿಡೀ ಅದು ಒದ್ದೆ. ಒಂದು ಸ್ಪಾಂಜು ಮುಂದಿನ ಬಳಕೆಯ ಹೊತ್ತಿಗೂ ಒಣಗದಿದ್ದರೆ ಎರಡನ್ನು ಇಟ್ಟುಕೊಂಡು ಬೆಳಿಗ್ಗೆ ಒಂದು, ಸಂಜೆ ಒಂದು ಮಾಡಿ. ಕೊಳೆಯಾದ ಒದ್ದೆ ಬಟ್ಟೆಯನ್ನು ಒಗೆಯುವ ಬುಟ್ಟಿಗೆ ಹಾಗೇ ತುರುಕಿದರೆ ಕಪ್ಪು ಚುಕ್ಕೆಯ ಬೂಷ್ಟು ಬರುತ್ತದೆ, ಅದು ಮತ್ತೆ ಹೋಗದು. ಬುಟ್ಟಿಯ ಅಂಚಿಗೆ ಹರಡಿ ಒಣಗಿಸಿ ಆಮೇಲೆ ಹಾಕಿ.

ಪ್ರಶ್ನೆ: ಹಳೆಯ ಸ್ಪಾಂಜನ್ನು ಎಸೆಯುವ ಬದಲು ಬೇರೆ ಕೆಲಸಕ್ಕೆ ಬಳಸಬಹುದೇ?

ಉತ್ತರ: ಲೋಳೆ ಬರುವ ಮೊದಲೇ ಇಳಿಸಿದರೆ ಬಳಸಬಹುದು: ಪಾತ್ರೆಯಿಂದ ಸಿಂಕಿಗೆ, ಸಿಂಕಿನಿಂದ ಕಸದ ಡಬ್ಬಿ ತೊಳೆಯಲು. ಇಳಿಸಿದ ದಿನವೇ ಅದರ ಒಂದು ಮೂಲೆ ಕತ್ತರಿಸಿ. ಮೂಲೆ ಇಲ್ಲದ್ದು ತಿರುಗಿ ಪಾತ್ರೆಯ ಹತ್ತಿರ ಬರಬಾರದೆಂದು ಮನೆಯವರಿಗೆಲ್ಲ ಒಮ್ಮೆ ಹೇಳಿಡಿ.