ಸಂಪಾದಕರ ಉತ್ತರ: ಬಾರದವರ ಲೆಕ್ಕ

(ಓದುಗರ ಪತ್ರದ ಸಾರ: "ಯುವಕ ಮಂಡಲ ನಡೆಸುವವರಿಗೆ ಇಂಟರ್‌ಸೆಕ್ಷನಾಲಿಟಿಯ ತರಬೇತಿ ಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಮೂವತ್ತು ವರ್ಷ ಪಾಠ ಮಾಡಿದ ನನ್ನ ಬಾಯಿಗೇ ಆ ಶಬ್ದ ಹೊರಳುವುದಿಲ್ಲ. ಕಾಸರಗೋಡಿನಲ್ಲಿ ನಾವು ಕನ್ನಡಿಗರು ಇರುವುದೇ ಒಂದು ಹಿಡಿ. ಅದರೊಳಗೂ ಜಾತಿ, ಹೆಣ್ಣು ಗಂಡು, ಬಡವ ಬಲ್ಲಿದ ಎಂದು ಬಿಡಿಸುತ್ತಾ ಕೂತರೆ ಉಳಿಯುವುದೇನು? ನಮ್ಮ ಮಂಡಲದಲ್ಲಿ ಭೇದವಿಲ್ಲ. ಬಾಗಿಲು ಎಲ್ಲರಿಗೂ ತೆರೆದಿದೆ." — ಪೆರ್ಲದ ಕಡೆಯ ನಿವೃತ್ತ ಅಧ್ಯಾಪಕರೊಬ್ಬರು)

ಮಾಸ್ಟ್ರೇ, ನಮಸ್ಕಾರ.

ಶಬ್ದದ ಬಗ್ಗೆ ನಿಮ್ಮ ತಕರಾರು ಸರಿ. ಇದನ್ನು ಕನ್ನಡದಲ್ಲಿ 'ಅಂತರ್‌ಛೇದೀಯತೆ' ಎಂದು ಬರೆಯುವವರಿದ್ದಾರೆ. ಅದನ್ನು ಓದಿದ ಮೇಲೆ ಇಂಗ್ಲಿಷೇ ವಾಸಿ ಅನ್ನಿಸಿತು. ಶಬ್ದ ಪಕ್ಕಕ್ಕಿಡೋಣ. ಬದಿಯಡ್ಕ ಪೇಟೆಯನ್ನು ನೆನಪು ಮಾಡಿಕೊಳ್ಳಿ. ಚೆರ್ಕಳ–ಕಲ್ಲಡ್ಕ ರಸ್ತೆ ಒಂದು ಕಡೆಯಿಂದ, ಕುಂಬಳೆ–ಮುಳ್ಳೇರಿಯ ರಸ್ತೆ ಇನ್ನೊಂದು ಕಡೆಯಿಂದ. ಜಂಕ್ಷನ್ನಿನಲ್ಲಿ ನಿಂತವರಿಗೆ ಎರಡೂ ಕಡೆಯ ಗಾಡಿ ತಾಗಬಹುದು, ಅಲ್ವಾ? ಜಾತಿ, ಹೆಣ್ತನ, ಬಡತನದಂಥ ಭೇದಗಳೂ ಹೀಗೆ ಒಬ್ಬರ ಮೇಲೆಯೇ ಒಟ್ಟಿಗೆ ಬಂದು ತಾಗುತ್ತವೆ ಎಂಬುದೇ ಆ ಶಬ್ದದ ಅರ್ಥ. ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಈ ಶಬ್ದ ಕೊಟ್ಟಾಗ ಹೇಳಿದ್ದೂ ನಾಲ್ಕು ರಸ್ತೆ ಸೇರುವ ಜಾಗದ ಕಥೆಯನ್ನೇ. ಬದಿಯಡ್ಕ ಮಾತ್ರ ನನ್ನದು.

ಆಕೆಯ ಎದುರು ಒಂದು ಕೇಸಿತ್ತು. ಜನರಲ್ ಮೋಟರ್ಸ್ ಕಂಪನಿ 1964ಕ್ಕೆ ಮೊದಲು ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿರಲಿಲ್ಲ. ಮುಂದೆ ಕೆಲಸಗಾರರನ್ನು ಇಳಿಸುವಾಗ, ಕೊನೆಗೆ ಸೇರಿದವರು ಮೊದಲು ಹೊರಗೆ ಎಂಬ ನಿಯಮ ಹಿಡಿಯಿತು. ಹೋದವರು ಕಪ್ಪು ಹೆಂಗಸರು. ಐವರು ಕೋರ್ಟಿಗೆ ಹೋದರು. 1976ರಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ಕಂಪನಿಯಲ್ಲಿ ಹೆಂಗಸರಿದ್ದಾರೆ, ಆದ್ದರಿಂದ ಹೆಣ್ಣೆಂಬ ಭೇದವಿಲ್ಲ, ಬಣ್ಣದ ದೂರು ಬೇರೆ, ಎರಡನ್ನೂ ಬೆರೆಸಿ ಹೊಸ ದೂರು ಮಾಡಲಾಗದು. ಅಲ್ಲಿದ್ದ ಹೆಂಗಸರು ಬಿಳಿಯರು ಎಂಬುದು ಲೆಕ್ಕಕ್ಕೇ ಬರಲಿಲ್ಲ.

ಇದು ಪರದೇಶದ ಮಾತು ಅನ್ನಬೇಡಿ. 2021ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಆಂಧ್ರಪ್ರದೇಶದ ಒಂದು ಅತ್ಯಾಚಾರದ ಕೇಸು ಬಂತು. ಆ ಹುಡುಗಿ ಪರಿಶಿಷ್ಟ ಜಾತಿಯವಳು, ಹುಟ್ಟಿನಿಂದ ಕಣ್ಣು ಕಾಣದವಳು. ಜಾತಿ, ಹೆಣ್ತನ, ಅಂಗವೈಕಲ್ಯ ಮೂರನ್ನೂ ಒಟ್ಟಿಗೆ ನೋಡದಿದ್ದರೆ ಆಕೆಗಾದದ್ದು ಅರ್ಥವಾಗುವುದಿಲ್ಲ ಎಂದು ತೀರ್ಪು ವಿವರವಾಗಿ ಬರೆಯಿತು. ಅತ್ಯಾಚಾರದ ಶಿಕ್ಷೆ ಉಳಿಯಿತು. ಆದರೆ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿಯ ಶಿಕ್ಷೆ ಸಾಕ್ಷ್ಯ ಸಾಲದೆ ಬಿದ್ದುಹೋಯಿತು. ಅರ್ಥವಾದರೂ ಕೈಗೆ ಸಿಗದ ನ್ಯಾಯ ಅದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ನಾವು ಒಡೆದುಹೋಗುತ್ತೇವೆಯೇ?

ನನ್ನನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಹತ್ತಕ್ಕೆ ಒಂದು ಕಚೇರಿಯಲ್ಲಿ ಮಲಯಾಳದ ಫಾರ್ಮು ಹಿಡಿದು ನಿಂತರೆ ನಾನು ಪಾಪದ ಕನ್ನಡಿಗ. ಹಿಂದೊಮ್ಮೆ ಮೂರು ಸಲ ವಾಪಸ್ ಬಂದು, ಸಿಟ್ಟು ಮನೆಯವರ ಮೇಲೆ ತೀರಿಸಿಕೊಂಡವನು. ಅದೇ ಮಧ್ಯಾಹ್ನ ಅಡಿಕೆ ತೋಟಕ್ಕೆ ಇಳಿದರೆ ಕೆಲಸದವರಿಗೆ ನಾನು ಧಣಿ. ಎರಡೂ ನಾನೇ. ಮೊದಲನೆಯದನ್ನು ಲೇಖನದಲ್ಲಿ ಬರೆಯುತ್ತೇನೆ, ಎರಡನೆಯದನ್ನು ಬರೆಯುವುದಿಲ್ಲ. ನಿಮ್ಮ ಕಥೆಯೂ ಹೆಚ್ಚುಕಡಿಮೆ ಹೀಗೇ ಇರಬೇಕು.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿನ ಸರಕಾರಿ ಕಚೇರಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅದಕ್ಕಾಗಿ ಜಗಳ ಆಡಲೇಬೇಕು, ನಾನೂ ಬರುತ್ತೇನೆ. ಆದರೆ ಮನೆಯಲ್ಲಿ ಕೊರಗ ಬುಡಕಟ್ಟಿನ ಭಾಷೆ, ಊರಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂಬಂಥ ಒಬ್ಬ ಹುಡುಗಿಯನ್ನು ನೆನೆಯಿರಿ. ನಾವು ಪೂರ್ತಿ ಗೆದ್ದರೂ ಅವಳಿಗೆ ಸಿಗುವುದು ಮೂರನೆಯ ಭಾಷೆಯ ಅರ್ಜಿ. ಅವಳನ್ನು ಕನ್ನಡಿಗಳೆಂದು ತಲೆ ಎಣಿಸುವಾಗ ಸೇರಿಸುತ್ತೇವೆ. ಮಂಡಲದ ಕಾರ್ಯಕಾರಿ ಸಮಿತಿಗೆ? ಒಡಕು ಮೊದಲೇ ಇದೆ ಮಾಸ್ಟ್ರೇ, ತರಬೇತಿ ಅದನ್ನು ತೋರಿಸುತ್ತದೆ ಅಷ್ಟೆ.

ಎಣ್ಮಕಜೆಯಂಥ ಕಡೆ ವಿಷಯ ಇನ್ನೂ ಬಿಗಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಚೆಲ್ಲುವುದು 2000ದಲ್ಲಿ ನಿಂತಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಅಂಥ ಒಂದು ಮನೆಯನ್ನು ನೆನೆಯಿರಿ. ಸಂತ್ರಸ್ತರ ಪಟ್ಟಿಯಲ್ಲಿರುವುದು ಅಣ್ಣನ ಹೆಸರು. ಆರೈಕೆ ಮಾಡುವವರಿಗೆ ಸಿಗುವ ಸಣ್ಣ ಮಾಸಾಶನ, ನಾನು ಕಂಡ ಮನೆಗಳಲ್ಲಿ, ಅಮ್ಮನ ಹೆಸರಿಗೆ. ಅಮ್ಮ ಕೂಲಿಗೆ ಹೋದ ಮೇಲೆ ಅವನಿಗೆ ಗಂಜಿ ಉಣ್ಣಿಸಿ, ಮೈ ಒರೆಸಿ, ಮಗ್ಗುಲು ಬದಲಿಸುವವಳು ತಂಗಿ. ಅಂಗವಿಕಲರ ಶಿಬಿರಕ್ಕೆ ಅಣ್ಣನನ್ನು ಕರೆಯುತ್ತಾರೆ. ಹೆಂಗಸರ ಸ್ವಸಹಾಯ ಗುಂಪಾದ ಕುಟುಂಬಶ್ರೀಯ ಸಭೆಗೆ ಅಮ್ಮನನ್ನು. ತಂಗಿಯನ್ನು ಕರೆಯಬೇಕಾದವರು ನೀವು, ಯುವಜನರ ಕೆಲಸ ಮಾಡುವವರು. ನಿಮ್ಮ ಸಭೆ ಸಂಜೆ ಏಳಕ್ಕೆ. ಅವಳ ಹೆಸರಿನ ಮುಂದೆ ನೀವು ಬರೆಯುವುದು 'ಆಸಕ್ತಿ ಇಲ್ಲ'.

ತೆರೆದ ಬಾಗಿಲಿನ ಬಗ್ಗೆ ನನಗಿರುವ ತಕರಾರು ಇಷ್ಟೇ: ಬಾಗಿಲು ತೆರೆದಿಟ್ಟವರು ಒಳಗೆ ಕೂತಿರುತ್ತಾರೆ. ದಾರಿ ಅವರಿಗೆ ಕಾಣುವುದಿಲ್ಲ.

ಹಾಗಾದರೆ ತರಬೇತಿ ಹೇಗಿರಬೇಕು? ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, 'ಮನೆಯಲ್ಲಿ ಕಕ್ಕಸು ಇದ್ದವರು ಒಂದು ಹೆಜ್ಜೆ ಮುಂದೆ, ಹಸಿದು ಮಲಗಿದವರು ಒಂದು ಹೆಜ್ಜೆ ಹಿಂದೆ' ಎಂದು ಆಡಿಸುವ ಆಟವೊಂದಿದೆ. ನನಗೆ ಅದು ಸುತರಾಂ ಇಷ್ಟವಿಲ್ಲ. ಹಿಂದೆ ಉಳಿದ ಹುಡುಗನಿಗೆ ಹೊಸದೇನೂ ಗೊತ್ತಾಗುವುದಿಲ್ಲ, ಅವನ ಬಡತನ ಉಳಿದವರಿಗೆ ಪಾಠ ಆಗುತ್ತದೆ. ಚೀಟಿಯಲ್ಲಿ ಬೇರೆಯವರ ಪಾತ್ರ ಬರೆದುಕೊಟ್ಟು ಆಡಿಸುವುದು ಸ್ವಲ್ಪ ವಾಸಿ. ಯಾರನ್ನೂ 'ನಿನ್ನ ಕಷ್ಟ ಹೇಳು' ಎಂದು ಎಬ್ಬಿಸಬಾರದು. ಯಾರ ಕಷ್ಟ ಜಾಸ್ತಿ ಎಂದು ಮಾರ್ಕು ಕೊಡುವುದಂತೂ ಬೇಡವೇ ಬೇಡ. ಆ ತಂಗಿಯದು ಮೂರು ಕಷ್ಟಗಳ ಮೊತ್ತವಲ್ಲ, ಬೇರೆಯೇ ಒಂದು ಕಷ್ಟ.

ನಾನು ಮಾಡಿಸುವುದಾದರೆ ಹೀಗೆ. ಕಳೆದ ವರ್ಷದ ನಿಮ್ಮ ಹಾಜರಿ ಪುಸ್ತಕ ತೆಗೆಯಿರಿ. ಊರಿನ ಹದಿನೆಂಟರಿಂದ ಮೂವತ್ತರವರೆಗಿನ ಹೆಸರುಗಳನ್ನು ಪಕ್ಕದಲ್ಲಿ ಬರೆಯಿರಿ. ಒಮ್ಮೆಯೂ ಬಾರದವರಿಗೆ ಕೆಂಪು ಗೆರೆ. ಆಮೇಲೆ ಒಂದೇ ಒಂದು ನೋಟೀಸಿನ ಬೆನ್ನು ಹತ್ತಿ. ಯುವಜನರ ಆಟ, ಕಲೆಗಳ ಸ್ಪರ್ಧೆಯಾದ ಕೇರಳೋತ್ಸವದ ನೋಟೀಸು ಆಗಬಹುದು. ಯಾವ ಭಾಷೆಯಲ್ಲಿತ್ತು? ವಾಟ್ಸಾಪಿಗೆ ಹಾಕಿದಿರಿ ಸರಿ, ಆ ಮನೆಯ ಫೋನು ಯಾರ ಕಿಸೆಯಲ್ಲಿರುತ್ತದೆ? ಸಭೆ ಭಜನಾ ಮಂದಿರದಲ್ಲಿ ಆದರೆ ಬ್ಯಾರಿ ಮುಸ್ಲಿಂ ಹುಡುಗಿ ಬರುತ್ತಾಳೆಯೇ? ಕೊರಗರ ಹುಡುಗ ಜಗಲಿಯವರೆಗೆ ಬಂದು ನಿಲ್ಲುತ್ತಾನೆಯೇ, ಒಳಗೆ ಬರುತ್ತಾನೆಯೇ? ಇಬ್ಬರೂ 'ಬರಲಿಲ್ಲ'. ಕಾರಣ ಒಂದೇ ಅಲ್ಲ, ಪರಿಹಾರವೂ ಒಂದೇ ಅಲ್ಲ. ಕೊನೆಯ ಬಸ್ಸು ಎಷ್ಟಕ್ಕೆ? ಇಳಿದ ಮೇಲೆ ಕತ್ತಲಲ್ಲಿ ಎಷ್ಟು ನಡೆಯಬೇಕು? ಇದನ್ನು ಕೂತು ಊಹಿಸಬೇಡಿ. ಇಬ್ಬಿಬ್ಬರಾಗಿ ಹೋಗಿ ನಡೆದು ನೋಡಿ ಬನ್ನಿ. ಎರಡು ದಿನದ ತರಬೇತಿಯಲ್ಲಿ ಒಂದು ದಿನ ಇದಕ್ಕೇ ಹೋದರೂ ನಷ್ಟವಿಲ್ಲ. ಮಾತಿಗೆ ಅರ್ಧ ದಿನ ಸಾಕು. ಮೂರು ತಿಂಗಳು ಕಳೆದು ಅದೇ ಪುಸ್ತಕವನ್ನು ಮತ್ತೆ ನೋಡಬೇಕು. ಹೆಚ್ಚಿನ ತರಬೇತಿಗಳು ಈ ಕೊನೆಯ ಕೆಲಸ ಮಾಡದೆ ಸರ್ಟಿಫಿಕೇಟು ಹಂಚಿ ಮುಗಿಸುತ್ತವೆ.

ನೀವು ಕರೆದರೆ ಬರುವ ತಿಂಗಳು ನಾನೇ ಬರುತ್ತೇನೆ. ಪುಸ್ತಕ ತೆಗೆದಿಡಿ. ಎರಡು ಬೇಡಿಕೆ ಇವೆ: ಸಭೆ ಮಂದಿರದಲ್ಲಿ ಬೇಡ, ಶಾಲೆಯಲ್ಲಿ ಇಡೋಣ. ಏಳು ಗಂಟೆ ಬೇಡ, ಎರಡು ಗಂಟೆ ಆಗಲಿ. ಆ ತಂಗಿಯ ಮನೆಯಲ್ಲಿ ಅಷ್ಟು ಹೊತ್ತು ಕೂರಲು ಯಾರಾದರೂ ಇಬ್ಬರನ್ನು ಈಗಲೇ ಹೇಳಿಡಿ.

— ಸಂ.