ಫಾರ್ಗೊ ಬೇರಿಂಗ್ ಅಂತ ಕೇಳಬೇಡಿ

ಪ್ರಶ್ನೆ: ನಮ್ಮಪ್ಪ ಇಂಡಿಯಿಂದ ಪುಣೆ ಮಾರ್ಕೆಟ್ ಯಾರ್ಡಿಗೆ ನಿಂಬೆಹಣ್ಣು ಹೇರಿಕೊಂಡು ಬರುತ್ತಿದ್ದ 1966ರ ಫಾರ್ಗೊ ಲಾರಿ ನಮ್ಮ ಶೆಡ್ಡಿನಾಗ ನಿಂತದರಿ. ಪರ್ಕಿನ್ಸ್ 6-354 ಇಂಜಿನ್ ಗಟ್ಟಿ ಅದ. ಮತ್ತೆ ಓಡಿಸಬೇಕಂತ ಆಸೆ. ಮುಂದಿನ ಗಾಲಿ ಬೇರಿಂಗ್, ಕಿಂಗ್ ಪಿನ್, ಬ್ರೇಕಿನ ವೀಲ್ ಸಿಲಿಂಡರ್, ಮುಂದಿನ ಗಾಜಿನ ರಬ್ಬರ್, ಬಾನೆಟ್ ಮ್ಯಾಲಿನ ಹೆಸರಿನಾಗ ಕಳೆದುಹೋದ ಒಂದು ಅಕ್ಷರ, ಯಾವುದೂ ಸಿಗವಲ್ದು. ಅಂಗಡಿಗೆ ಹೋಗಿ ಫಾರ್ಗೊ ಅಂದ್ರ ನಗತಾರ. ಎಲ್ಲಿ ಹುಡುಕಲಿರಿ?
– ಓದುಗರು, ಹಡಪ್ಸರ್, ಪುಣೆ

ಉತ್ತರ: ನಗದೆ ಏನು ಮಾಡುತ್ತಾರೆ ರಾಯರೇ, ಆ ಕೌಂಟರಿನ ಹುಡುಗ ಫಾರ್ಗೊ ಲಾರಿಯನ್ನು ಕಣ್ಣಲ್ಲಿ ಕಂಡಿರುವುದಿಲ್ಲ. ಮುಂಬಯಿಯ ಒಪೇರಾ ಹೌಸ್ ಬಳಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವನು ನಾನು. ಗಿರಾಕಿ ಗಾಡಿಯ ಹೆಸರು ಹೇಳಿದರೆ ‘ಇಲ್ಲ’, ನಂಬರ್ ಹೇಳಿದರೆ ಅಟ್ಟದಿಂದ ಡಬ್ಬಿ ಕೆಳಗಿಳಿಯುತ್ತದೆ. ನಮ್ಮ ಧಂಧೆಯ ರೀತಿಯೇ ಹಾಗೆ.

ಹಾಗಾಗಿ ಬೇರಿಂಗ್‌ನಿಂದಲೇ ಶುರುಮಾಡಿ. ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಬಿಸಿಲಿಗೆ ಹಿಡಿದು ಅಂಚನ್ನು ನೋಡಿ. ರೋಲರ್ ಇರುವ ಒಳಗಿನ ಕೋನಿನ ಮೇಲೆ ಒಂದು ನಂಬರ್, ಹೊರಗಿನ ಬಳೆಯಂಥ ಕಪ್ಪಿನ ಮೇಲೆ ಇನ್ನೊಂದು ಒತ್ತಿರುತ್ತದೆ. ಎರಡನ್ನೂ ಬರೆದುಕೊಳ್ಳಿ, ಒಂದೇ ಬರೆದುಕೊಂಡು ಓಡಬೇಡಿ. ಇಂಚಿನ ಅಳತೆಯ ಆ ಬೇರಿಂಗ್‌ಗಳ ನಂಬರ್ ಅಂದಿನಿಂದ ಇಂದಿಗೂ ಬದಲಾಗಿಲ್ಲ. ಮುಂಬಯಿಯ ನಾಗದೇವಿ ಸ್ಟ್ರೀಟಿನಲ್ಲಿ ನಂಬರ್ ಕೊಟ್ಟರೆ ಯಾವ ಲಾರಿಗೆ ಅಂತ ಯಾರೂ ಕೇಳುವುದಿಲ್ಲ. ನಂಬರ್ ಅಳಿಸಿಹೋಗಿದ್ದರೆ ವರ್ನಿಯರ್‌ನಲ್ಲಿ ಒಳವ್ಯಾಸ, ಹೊರವ್ಯಾಸ, ದಪ್ಪ ಅಳೆಯಿರಿ. ಆಯಿಲ್ ಸೀಲಿಗೂ ಇದೇ ಮೂರು ಅಳತೆ ಸಾಕು.

ಗಾಲಿ ಬಿಚ್ಚುವ ಮುಂಚೆ ಒಂದು ಮಾತು. ಆ ಕಾಲದ ಲಾರಿಗಳಲ್ಲಿ ಎಡಗಡೆ, ಅಂದರೆ ಕ್ಲೀನರ್ ಬದಿಯ ಗಾಲಿಯ ನಟ್ಟುಗಳಿಗೆ ಉಲ್ಟಾ ಚೂಡಿ, ಅಂದರೆ ಎದುರು ದಿಕ್ಕಿನ ತಿರುಪು, ಇರುತ್ತದೆ. ಸ್ಟಡ್ಡಿನ ತುದಿಯ ಮಣ್ಣು ಕೆರೆದು ನೋಡಿ, ‘ಎಲ್’ ಅಂತ ಇದ್ದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದಾಗಲೇ ಸಡಿಲವಾಗುವುದು. ಇದು ಗೊತ್ತಿಲ್ಲದ ಹುಡುಗರು ಪಾನಾಕ್ಕೆ ಪೈಪ್ ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು ಕುಣಿದು ಸ್ಟಡ್ ಮುರಿಯುತ್ತಾರೆ. ಆಮೇಲೆ ಹುಡುಕಬೇಕಾದ ಸಾಮಾನಿನ ಪಟ್ಟಿಗೆ ಅದೊಂದು ಸೇರುತ್ತದೆ. ಬೋಲ್ಟುಗಳೂ ಇಂಚಿನವೇ. ಎರಡೂವರೆ ಸೂತಿನ, ಅಂದರೆ 5/16 ಇಂಚಿನ, ತೂತಿಗೆ 8 ಮಿಲಿಮೀಟರ್ ಬೋಲ್ಟ್ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಅಲ್ಲಿಗೇ ನಿಲ್ಲಿಸಿ; ಬಲ ಹಾಕಿದರೆ ಇಂಜಿನ್ ಬ್ಲಾಕಿನ ಚೂಡಿಯೇ ಹೋಯಿತು.

ಇನ್ನು ಹೆಸರಿನ ವಿಷಯ. ಫಾರ್ಗೊ, ಡಾಡ್ಜ್, ಡಿಸೋಟೊ, ಮೂರನ್ನೂ ಕ್ರೈಸ್ಲರ್ ಸಹಯೋಗದಲ್ಲಿ ಮಾಡುತ್ತಿದ್ದದ್ದು ಮುಂಬಯಿ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ. ಹೆಸರು ಬೇರೆ, ಮೈಕಟ್ಟು ಒಂದೇ. ಗುಜರಿಯಲ್ಲಿ ಡಾಡ್ಜ್ ಬಿದ್ದಿದ್ದರೆ ‘ನಮ್ಮದಲ್ಲ’ ಅಂತ ದಾಟಿಹೋಗಬೇಡಿ, ಅಳೆದು ನೋಡಿ. ಇಂಜಿನ್ ಸಾಮಾನಿಗಂತೂ ಲಾರಿಯವರ ಹತ್ತಿರವೇ ಹೋಗಬೇಕೆಂದಿಲ್ಲ. 6-354 ಅಂದರೆ 354 ಘನ ಇಂಚು, ಸುಮಾರು 5.8 ಲೀಟರ್, ಅದೇ ಇಂಜಿನ್ ದೋಣಿಗಳಲ್ಲೂ ಜನರೇಟರುಗಳಲ್ಲೂ ದುಡಿದಿದೆ. ಗ್ಯಾಸ್ಕೆಟ್, ಲೈನರ್ ಬೇಕಾದರೆ ಆ ರಿಪೇರಿಯವರನ್ನೂ ವಿಚಾರಿಸಿ.

ಮುಂದಿನ ಗಾಲಿ ಎಡಬಲಕ್ಕೆ ಹೊರಳಲು ಕೀಲಾಗಿರುವ ಕಿಂಗ್ ಪಿನ್ ಮಾಡಿಸಲೇಬೇಕಾಗಬಹುದು. ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶ ನಿಮಗೆ ದೂರವೇನಲ್ಲ. ಹಳೆಯ ಪಿನ್ನಿನ ಎರಡು ತುದಿ ಬುಶ್‌ನಲ್ಲಿ ಆಡಿ ಆಡಿ ಸವೆದಿರುತ್ತವೆ, ಅಲ್ಲಿ ಅಳೆದರೆ ಸುಳ್ಳು ಅಳತೆ ಬರುತ್ತದೆ. ಆಕ್ಸಲಿನೊಳಗೆ ಅಲುಗಾಡದೆ ಕೂತಿರುವ ನಡುಭಾಗವನ್ನು ಮೈಕ್ರೊಮೀಟರ್‌ನಲ್ಲಿ ಅಳೆಯಿಸಿ. ಕೇಸ್ ಹಾರ್ಡನಿಂಗ್ (ಮೇಲ್ಮೈಯನ್ನು ಕಾಯಿಸಿ ಗಟ್ಟಿಗೊಳಿಸುವುದು) ಮಾಡಿ ಗ್ರೈಂಡಿಂಗ್ ಕೊಡುವವರಿಗೆ ಮಾತ್ರ ಕೆಲಸ ಕೊಡಿ. ಮೈಲ್ಡ್ ಸ್ಟೀಲ್ ಸರಳನ್ನು ಲೇತಿನಲ್ಲಿ ತಿರುವಿ ಹೊಳಪು ಕೊಟ್ಟು ‘ಚಲೇಗಾ’ ಅನ್ನುವವರು ಸಿಕ್ಕೇ ಸಿಗುತ್ತಾರೆ, ಕೈಮುಗಿದು ಬಂದುಬಿಡಿ. ಸ್ಟೀರಿಂಗ್, ಬ್ರೇಕ್ ಎರಡರಲ್ಲಿ ಜುಗಾಡ್ ನಾನು ಒಪ್ಪುವುದಿಲ್ಲ.

ಬ್ರೇಕ್ ಒತ್ತಿದಾಗ ಗಾಲಿಯೊಳಗಿನ ಬ್ರೇಕ್ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಹೊಸದು ಹುಡುಕುವುದನ್ನು ಬಿಡಿ. ಒಡೆದಿಲ್ಲದಿದ್ದರೆ ಒಳಗೆ ಹಿತ್ತಾಳೆಯ ಸ್ಲೀವ್ ಹಾಕಿಸಿ ಮೊದಲಿನ ಅಳತೆಗೇ ತರಿಸಿ. ಬೋರ್, ಅಂದರೆ ಒಳವ್ಯಾಸ, ದೊಡ್ಡದು ಮಾಡಿದರೆ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ. ಅದರೊಳಗಿನ ಬಟ್ಟಲಿನಾಕಾರದ ರಬ್ಬರ್ ಕಪ್ ಬೋರಿನ ಅಳತೆಯ ಮೇಲೆ ಸಿಗುತ್ತದೆ. ಅದನ್ನು ಮಾತ್ರ ಡೀಸೆಲ್ಲಿನಲ್ಲಿ ತೊಳೆಯಬೇಡಿ, ಉಬ್ಬಿಹೋಗುತ್ತದೆ. ಯಾರಾದರೂ ಹಳೇ ಡಬ್ಬಿ ತೋರಿಸಿ ‘ಒರಿಜಿನಲ್ ಸ್ಟಾಕ್, ಸೀಲ್ ಕೂಡ ಒಡೆದಿಲ್ಲ’ ಅಂದರೆ ಲೋಹದ ಸಾಮಾನಾದರೆ ಕೊಳ್ಳಿ, ರಬ್ಬರ್ ಆದರೆ ಬೇಡ. ಡಬ್ಬಿಯೊಳಗೆ ಕೂತರೂ ರಬ್ಬರಿಗೆ ವಯಸ್ಸಾಗುತ್ತದೆ.

ಗಾಜಿನ ರಬ್ಬರ್ ಮೀಟರ್ ಲೆಕ್ಕದಲ್ಲಿ ಸಿಗುವ ಮಾಲು, ಅದರ ಅಡ್ಡಕೊಯ್ತದ ಆಕಾರ ಹೊಂದಬೇಕು ಅಷ್ಟೇ. ಹಳೆಯದರಲ್ಲಿ ಚೆನ್ನಾಗಿರುವ ಕಡೆ ಬ್ಲೇಡಿನಿಂದ ಒಂದು ತುಂಡು ನೇರವಾಗಿ ಕತ್ತರಿಸಿ, ಕತ್ತರಿಸಿದ ಮುಖವನ್ನು ಸ್ಟ್ಯಾಂಪ್ ಪ್ಯಾಡಿಗೆ ಒತ್ತಿ, ಬಿಳಿ ಕಾಗದದ ಮೇಲೆ ಮುದ್ರೆ ಹಾಕಿ. ಪಕ್ಕದಲ್ಲಿ ಸ್ಕೇಲಿಟ್ಟು ಫೋಟೊ ತೆಗೆದು ರಬ್ಬರ್ ಪ್ರೊಫೈಲ್ ಮಾಡುವವರಿಗೆ ವಾಟ್ಸಾಪ್ ಮಾಡಿದರೆ, ಹೊಂದುವುದು ಇದೆಯೋ ಇಲ್ಲವೋ ಕೂತಲ್ಲೇ ತಿಳಿಯುತ್ತದೆ. ಗಾಜೂ ಹೊಸದು ಹಾಕಿಸುವುದಾದರೆ ಲ್ಯಾಮಿನೇಟೆಡ್ ಗಾಜನ್ನೇ ಹಾಕಿಸಿ.

ಅಕ್ಷರಕ್ಕೆ ಇನ್ನೊಬ್ಬ ಫಾರ್ಗೊ ಮಾಲೀಕರಿಂದ ಎರವಲು ತಂದು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ಯಿಸಿ. ಆರಿದ ಮೇಲೆ ಅಡಿಗೆ ಸುಮಾರು 4 ಮಿಲಿಮೀಟರ್ ಕುಗ್ಗುತ್ತದೆ. ಚಿಕ್ಕ ಅಕ್ಷರದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಲೈಟು, ಮೀಟರು, ಬಾಗಿಲ ಹಿಡಿಕೆಗೆ ಬುಧವಾರ, ಭಾನುವಾರ ನಿಮ್ಮ ಪುಣೆಯ ಜೂನಾ ಬಜಾರಿನಲ್ಲಿ ಒಂದು ಸುತ್ತು ಹಾಕಿ, ಸಿಕ್ಕರೆ ಪುಣ್ಯ.

ಪ್ರಶ್ನೆ: ನನ್ನಲ್ಲಿ 1972ರ ಟಾಟಾ ಲಾರಿ ಇದೆ. ಮೂತಿಯ ಮೇಲೆ ಹಾಕಲು ಮರ್ಸಿಡಿಸ್ ನಕ್ಷತ್ರ ಎಲ್ಲಿ ಸಿಗುತ್ತದೆ?
– ಓದುಗರು, ಫೋಂಡಾ, ಗೋವಾ

ಉತ್ತರ: ಮುಂಬಯಿಯ ಚೋರ್ ಬಜಾರಿನಲ್ಲಿ ಸಿಗಬಹುದು, ಆದರೆ ಕೊಳ್ಳಬೇಡಿ. ಮರ್ಸಿಡಿಸ್ ತಯಾರಿಸುತ್ತಿದ್ದ ಡೈಮ್ಲರ್-ಬೆನ್ಜ್ ಜತೆಗಿನ ಟಾಟಾದ ಒಪ್ಪಂದ 1954ರಿಂದ 1969ರವರೆಗೆ. ನಿಮ್ಮ ಲಾರಿ ಆಮೇಲಿನದು, ಅದಕ್ಕೆ ಟಾಟಾದ ‘ಟಿ’ ಗುರುತೇ ಸರಿ. ಆ ದುಡ್ಡಿನಲ್ಲಿ ಬ್ರೇಕಿನ ಹೋಸ್ ಪೈಪುಗಳನ್ನು ಬದಲಾಯಿಸಿಕೊಳ್ಳಿ.