ಲ್ಯಾಮಿ ಸಫಾರಿ ಹೆಸರಿಗೆ ತಕ್ಕ ಹಾಗಿದೆಯಾ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನನ್ನ ಮಗಳು ಕೆಎಎಸ್ ಮೇನ್ಸ್‌ಗೆ ಕನ್ನಡದಲ್ಲೇ ತಯಾರಿ ಮಾಡ್ತಿದ್ದಾಳೆ. ದಿನಾ ಮೂರು ಗಂಟೆ ಕೂತು ಉತ್ತರ ಬರೆದು ಪ್ರಾಕ್ಟೀಸ್ ಮಾಡ್ತಾಳೆ, ಬಾಲ್ ಪೆನ್ನಲ್ಲಿ ಬರೆದೂ ಬರೆದೂ ಹೆಬ್ಬೆರಳು, ಮಣಿಕಟ್ಟು ಎಲ್ಲಾ ನೋವು ಅಂತಾಳೆ. ಇಂಕ್ ಪೆನ್ನು ತಗೋ ಅಂತ ಅವಳ ಫ್ರೆಂಡ್ಸ್ ಹೇಳಿದ್ದಾರೆ, ಎಲ್ಲರ ಬಾಯಲ್ಲೂ ಒಂದೇ ಹೆಸರು, ಲ್ಯಾಮಿ ಸಫಾರಿ. ಅಂಗಡೀಲಿ ಕೈಗೆ ತಗೊಂಡು ನೋಡಿದೆ, ಪ್ಲಾಸ್ಟಿಕ್ಕು, ತೀರಾ ಹಗುರ, ರೇಟು ನೋಡಿದ್ರೆ ಎರಡು ಸಾವಿರದ ಮೇಲೆ. ನಾವೆಲ್ಲಾ ಹೀರೋ ಪೆನ್ನಲ್ಲೇ ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗೂ ಬರೆದವರು. ಇದಕ್ಕೆ ಇಷ್ಟೊಂದು ಹೆಸರು ಯಾಕೆ, ಅಷ್ಟು ದುಡ್ಡು ಕೊಡಬಹುದಾ?
– ಒಬ್ಬ ತಂದೆ, ಹಾಸನ

ಉತ್ತರ: ಕೊಡಬಹುದು ಸರ್, ಆದ್ರೆ ದುಡ್ಡು ಕೊಡೋ ಮುಂಚೆ ಮಗಳನ್ನೇ ಅಂಗಡಿಗೆ ಕರ್ಕೊಂಡು ಹೋಗಿ, ಅವಳ ಕೈಯಲ್ಲೇ ಒಂದು ಪುಟ ಬರೆಸಿ. ಈ ಪೆನ್ನು ಕೆಲವರಿಗೆ ವರ್ಷಾನುಗಟ್ಟಲೆ ಕೈಬಿಡೋಕೆ ಆಗದಷ್ಟು ಹಿಡಿಸುತ್ತೆ, ಇನ್ನು ಕೆಲವರಿಗೆ ಹತ್ತು ನಿಮಿಷಕ್ಕೇ ಬೇಡ ಅನ್ಸುತ್ತೆ, ಮತ್ತೆ ಈ ಎರಡೂ ಆಗೋದು ಒಂದೇ ಕಾರಣಕ್ಕೆ.

ಮೊದಲು ಈ ಪ್ಲಾಸ್ಟಿಕ್ ವಿಷಯ ಹೇಳ್ತೀನಿ. ಲ್ಯಾಮಿ ಜರ್ಮನಿಯ ಹೈಡಲ್‌ಬರ್ಗ್‌ನ ಕಂಪನಿ, 1930ರಲ್ಲಿ ಶುರುವಾಗಿದ್ದು. 2024ರಲ್ಲಿ ಜಪಾನಿನ ಮಿತ್ಸುಬಿಷಿ ಪೆನ್ಸಿಲ್ ಅದನ್ನ ಕೊಂಡ್ಕೊಳ್ತು, ನಮ್ಮಲ್ಲಿ ಸಿಗೋ ಯೂನಿಬಾಲ್ ಪೆನ್ನುಗಳನ್ನ ಮಾಡೋರು ಅವರೇ. ಸಫಾರಿ ಬಂದಿದ್ದು 1980ರಲ್ಲಿ, ವೋಲ್ಫ್‌ಗಾಂಗ್ ಫಾಬಿಯನ್ ಅನ್ನೋ ಡಿಸೈನರ್ ಮಾಡಿದ್ದು, ಅದೂ ಯಾರಿಗೆ ಅಂದ್ರೆ ಹತ್ತರಿಂದ ಹದಿನೈದು ವರ್ಷದ ಸ್ಕೂಲ್ ಮಕ್ಕಳಿಗೆ. ಜರ್ಮನಿಯಲ್ಲಿ ಪ್ರೈಮರಿ ಸ್ಕೂಲಲ್ಲೇ ಮಕ್ಕಳ ಕೈಗೆ ಫೌಂಟನ್ ಪೆನ್ನು ಕೊಡೋ ಪದ್ಧತಿ ಮೊದಲಿಂದ ಇದೆ. ಹಾಗಾಗಿ ಬ್ಯಾಗಲ್ಲಿ ಬಿಸಾಕಿದ್ರೂ, ಬೆಂಚಿಂದ ಕೆಳಗೆ ಬಿದ್ರೂ ತಡ್ಕೋಬೇಕು, ಜೀನ್ಸ್ ಜೇಬಿಗೂ ಸಿಕ್ಕಿಸಿಕೊಳ್ಳೋ ಹಾಗಿರಬೇಕು, ಮಗು ಪೆನ್ನನ್ನ ಸರಿಯಾಗಿ ಹಿಡಿಯೋದನ್ನ ತಾನಾಗೇ ಕಲೀಬೇಕು ಅಂತ ಲೆಕ್ಕ ಹಾಕಿ ಮಾಡಿದ ಪೆನ್ನು ಇದು. ನೀವು ನೋಡಿದ ಪ್ಲಾಸ್ಟಿಕ್ಕು ಎಬಿಎಸ್ ಅನ್ನೋ ಗಟ್ಟಿ ಜಾತಿಯದು, ನಮ್ಮ ಸ್ಕೂಟರ್ ಹೆಲ್ಮೆಟ್ಟಿನ ಚಿಪ್ಪಿಗೆ ಹಾಕೋದೂ ಬಹಳಷ್ಟು ಸಲ ಅದೇ. ಕ್ಯಾಪ್ ಮೇಲೆ ದೊಡ್ಡ ಪೇಪರ್ ಕ್ಲಿಪ್ ಥರ ಬಗ್ಗಿಸಿದ ತಂತಿ ಇದೆಯಲ್ಲ, ಅದು ದಪ್ಪ ಬಟ್ಟೆಗೂ ಕೂರುತ್ತೆ, ಸುಲಭಕ್ಕೆ ಸಡಿಲ ಆಗಲ್ಲ.

ಅಂದ್ರೆ ಇದು ಸ್ಕೂಲ್ ಪೆನ್ನು. ನಮ್ಮಲ್ಲಿಗೆ ಬರೋ ಹೊತ್ತಿಗೆ ರೇಟು ಏರಿ ಗಿಫ್ಟ್ ಬಾಕ್ಸಿನ ಪೆನ್ನಾಗಿಬಿಟ್ಟಿದೆ, ಆದ್ದರಿಂದ ತಗೊಳ್ಳೋರು ಚಿನ್ನದ ನಿಬ್ಬಿನ ಪೆನ್ನಿನ ಸುಖ ಇದರಲ್ಲಿ ಹುಡುಕ್ತಾರೆ, ಸಿಗಲ್ಲ, ಬೇಜಾರಾಗ್ತಾರೆ. ಗಟ್ಟಿಮುಟ್ಟು, ತಿಂಗಳುಗಟ್ಟಲೆ ಕೆಲಸ ಕೆಡಲ್ಲ, ಕ್ಯಾಪ್ ತೆಗೆದ ತಕ್ಷಣ ಬರೆಯುತ್ತೆ ಅನ್ನೋ ಹೆಸರು ಇದೆಯಲ್ಲ ಅದು ನಿಜ, ಅದರಲ್ಲಿ ನನಗೆ ಅನುಮಾನ ಇಲ್ಲ. ಬೆಣ್ಣೆ ಥರ ಜಾರುತ್ತೆ ಅಂತ ಹೇಳ್ತಾರಲ್ಲ, ಅದನ್ನ ಮಾತ್ರ ನಾನು ಒಪ್ಪಲ್ಲ. ಇದರ ನಿಬ್ಬು ಸ್ಟೀಲು, ಗಟ್ಟಿ, ಒತ್ತಿದ್ರೆ ಅಗಲ ಆಗಲ್ಲ. ಒಂದು ಪೆನ್ನಿಗೂ ಇನ್ನೊಂದಕ್ಕೂ ಸ್ವಲ್ಪ ವ್ಯತ್ಯಾಸನೂ ಇರುತ್ತೆ, ಒಂದು ನುಣ್ಣಗೆ ಹೋದ್ರೆ ಇನ್ನೊಂದು ಪೇಪರ್ ಮೇಲೆ ಸಣ್ಣಗೆ ಗೀರಿದ ಹಾಗೆ ಅನ್ಸುತ್ತೆ. ನುಣುಪು ಒಂದನ್ನೇ ನೋಡೋದಾದ್ರೆ ಜಪಾನಿನ ಪೈಲಟ್ ಮೆಟ್ರೋಪಾಲಿಟನ್ ನನಗೆ ಇದಕ್ಕಿಂತ ಚೆನ್ನಾಗಿ ಕಾಣ್ಸುತ್ತೆ, ಆದ್ರೆ ಅದರ ಬಾಡಿ ಹಿತ್ತಾಳೆದು, ತೂಕ ಜಾಸ್ತಿ. ಸಫಾರಿ ಕ್ಯಾಪ್ ಸೇರಿಸಿ ಸುಮಾರು 17 ಗ್ರಾಂ, ಕ್ಯಾಪ್ ತೆಗೆದಿಟ್ಟು ಬರೆದ್ರೆ ಇನ್ನೂ ಕಮ್ಮಿ. ನಿಮಗೆ ಕೊರತೆ ಅನ್ಸಿದ ಆ ಹಗುರತನವೇ ಮೂರು ಗಂಟೆ ಬರೆಯೋ ಕೈಗೆ ಬೇಕಾಗಿರೋದು.

ಇನ್ನು ಕೈ ನೋವು. ಬಾಲ್ ಪೆನ್ನಲ್ಲಿ ಇಂಕು ಎಣ್ಣೆ ಥರ ಗಟ್ಟಿ ಇರುತ್ತೆ, ತುದಿಯ ಗುಂಡು ಉರುಳಿದ್ರೆ ಮಾತ್ರ ಹೊರಗೆ ಬರೋದು, ಅದು ಉರುಳೋಕೆ ನಾವು ಒತ್ತಬೇಕು. ಇಂಕ್ ಪೆನ್ನಲ್ಲಿ ಹಾಗಲ್ಲ, ನಿಬ್ಬಿನ ಸೀಳಿನಲ್ಲಿ ಇಂಕು ತಾನಾಗೇ ಎಳ್ಕೊಂಡು ಬಂದು ತುದೀಲಿ ನಿಂತಿರುತ್ತೆ, ದೀಪದ ಬತ್ತಿಗೆ ಎಣ್ಣೆ ಏರೋ ಹಾಗೆ, ಪೇಪರ್ ಮುಟ್ಟಿದ್ರೆ ಸಾಕು. ಆದ್ರೆ ಬಾಲ್ ಪೆನ್ನಿನ ಅಭ್ಯಾಸ ಇರೋರು ಇದನ್ನೂ ಒತ್ತಿ ಬರೀತಾರೆ, ನೆಟ್ಟಗೆ ನಿಲ್ಲಿಸಿ ಹಿಡೀತಾರೆ, ಆಮೇಲೆ ಇದರಲ್ಲೂ ನೋವು ಹೋಗ್ಲಿಲ್ಲ ಅಂತಾರೆ. ಮಗಳಿಗೆ ಹೇಳಿ, ಪೆನ್ನನ್ನ ಹಿಂದಕ್ಕೆ ಒರಗಿಸಿ ಹಿಡೀಲಿ, ಭಾರ ಹಾಕೋದು ಬೇಡ, ಮೊದಲ ಒಂದೆರಡು ವಾರ ಅಕ್ಷರ ಸ್ವಲ್ಪ ಸೊಟ್ಟಗೆ ಬಂದ್ರೂ ಪರವಾಗಿಲ್ಲ. ಹಾಗೆ ಮಾಡಿದ ಮೇಲೂ ನೋವು ಇಳೀಲಿಲ್ಲ ಅಂದ್ರೆ ಪೆನ್ನು ಬದಲಾಯಿಸ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಈಗ ಹಿಡಿತದ ವಿಷಯಕ್ಕೆ ಬರ್ತೀನಿ, ಕೈಲೇ ಬರೆಸಿ ನೋಡಿ ಅಂದಿದ್ದು ಇದಕ್ಕೇ. ಸಫಾರಿಯ ಹಿಡಿಯೋ ಜಾಗ ದುಂಡಗಿಲ್ಲ, ಹೆಬ್ಬೆರಳಿಗೊಂದು ತೋರುಬೆರಳಿಗೊಂದು ಅಂತ ಎರಡು ಕಡೆ ಚಪ್ಪಟೆ ಮಾಡಿದ್ದಾರೆ, ಬೆರಳು ಅಲ್ಲೇ ಕೂರಬೇಕು. ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ಮಧ್ಯದ ಬೆರಳ ಮೇಲೆ ಪೆನ್ನು ಇಟ್ಕೊಂಡು ಬರೆಯೋರಿಗೆ ಇದು ವರ. ಎಷ್ಟೋ ಜನ ಹೆಬ್ಬೆರಳನ್ನ ತೋರುಬೆರಳ ಮೇಲೆ ಮಡಚಿ ಹಿಡೀತಾರೆ, ಕೆಲವರು ಪೆನ್ನನ್ನ ಒಂದು ಪಕ್ಕಕ್ಕೆ ತಿರುಗಿಸಿ ಹಿಡೀತಾರೆ, ಅಂಥವರಿಗೆ ಆ ಚಪ್ಪಟೆ ಜಾಗದ ಅಂಚು ಬೆರಳಿಗೆ ಒತ್ತುತ್ತೆ, ನಿಬ್ಬಿನ ತುದಿನೂ ಪೇಪರ್ ಮೇಲೆ ಸರಿಯಾಗಿ ಕೂರಲ್ಲ. ಮಗಳು ಹೇಗೆ ಹಿಡೀತಾಳೆ ಅಂತ ಅವಳು ಬರೆಯೋವಾಗ ಪಕ್ಕದಲ್ಲಿ ನಿಂತು ನೋಡಿ. ಹೊಂದಲ್ಲ ಅಂದ್ರೆ ಮುಲಾಜಿಲ್ಲದೆ ಸಫಾರಿ ಬಿಟ್ಟು ಹಿಡಿತ ದುಂಡಗಿರೋ ಪೆನ್ನು ತಗೊಳ್ಳಿ. ಈ ವಯಸ್ಸಿಗೆ, ಅದೂ ಪರೀಕ್ಷೆ ಮುಂದಿಟ್ಕೊಂಡು ಹಿಡಿತ ಬದಲಾಯಿಸೋ ಕಸರತ್ತು ಬೇಡ.

ನಿಬ್ಬಿನ ಸೈಜು. ಅಂಗಡೀಲಿ ಕೇಳದೇ ಇದ್ರೆ ಮೀಡಿಯಂ ಕೊಟ್ಟು ಕಳಿಸ್ತಾರೆ, ತಗೋಬೇಡಿ. ಕನ್ನಡ ಬರೆಯೋರಿಗೆ ಎಕ್ಸ್‌ಟ್ರಾ ಫೈನ್, ಹೆಚ್ಚಂದ್ರೆ ಫೈನ್. ಜರ್ಮನ್ ನಿಬ್ಬುಗಳು ಜಪಾನಿನವಕ್ಕಿಂತ ದಪ್ಪಗೇ ಬರೀತವೆ, ಲ್ಯಾಮಿ ಫೈನ್ ಅಂದ್ರೆ ಪೈಲಟ್ ಮೀಡಿಯಂ ಹತ್ತಿರಕ್ಕೆ ಬರುತ್ತೆ. ರೂಲ್ಡ್ ಲಾಂಗ್ ಬುಕ್ಕಲ್ಲಿ ಮಾಮೂಲಿ ಸೈಜಲ್ಲಿ ಲ್ಯಾಮಿ ಮೀಡಿಯಮ್ಮಲ್ಲಿ ದ, ಧ, ಥ ಮೂರನ್ನೂ ಒಂದರ ಪಕ್ಕ ಒಂದು ಬರೆದು ನೋಡಿ. ಧ ಕೆಳಗಿನ ಸೀಳು ಇಂಕಲ್ಲಿ ಮುಚ್ಚಿಹೋಗುತ್ತೆ, ಥ ಒಳಗಿನ ಚುಕ್ಕೆ ಸುತ್ತಲಿನ ಗೆರೆಗೆ ಅಂಟ್ಕೊಳ್ಳುತ್ತೆ, ದೂರದಿಂದ ನೋಡಿದ್ರೆ ಮೂರೂ ಒಂದೇ. ಇನ್ನು ರಾಷ್ಟ್ರ, ಸ್ತ್ರೀ ಥರದ ಪದ ಬಂದ್ರೆ ಒತ್ತಕ್ಷರ ಕೆಳಗಿನ ಸಾಲಿಗೆ ಇಳಿದು ಅಲ್ಲಿರೋ ಗುಡಿಸಿಗೆ ತಾಗಿ ಗೋಜಲಾಗುತ್ತೆ. ಉತ್ತರ ಪತ್ರಿಕೆ ನೋಡೋರು ಒಂದೊಂದು ಅಕ್ಷರ ಬಿಡಿಸ್ಕೊಂಡು ಓದ್ತಾ ಕೂರಲ್ಲ ಸರ್. ಇಂಗ್ಲಿಷ್ ಬರೆಯೋರು ಮೀಡಿಯಂ ಚೆನ್ನಾಗಿದೆ ಅಂತ ಹೇಳಿದ್ರೆ ಅದು ಅವರ ಲಿಪಿಗೆ ಸರಿ.

ಅಕಸ್ಮಾತ್ ತಪ್ಪು ಸೈಜು ಬಂದ್ರೂ ಪೆನ್ನು ಎಸೀಬೇಕಾಗಿಲ್ಲ, ಲ್ಯಾಮಿಯಲ್ಲಿ ನನಗೆ ತುಂಬಾ ಇಷ್ಟ ಆಗೋದು ಇದೇ. ನಿಬ್ಬಿನ ಮೇಲೆ ಒಂದು ತುಂಡು ಸೆಲ್ಲೋ ಟೇಪ್ ಅಂಟಿಸಿ ನೇರ ಮುಂದಕ್ಕೆ ಎಳೆದ್ರೆ ನಿಬ್ಬು ಜಾರಿ ಕೈಗೆ ಬರುತ್ತೆ, ಬೇರೆ ಸೈಜಿನ ನಿಬ್ಬನ್ನ ಹಾಗೇ ತಳ್ಳಿ ಕೂರಿಸಬಹುದು. ನಿಬ್ಬು ಬಿಡಿಯಾಗಿ ಸಿಗುತ್ತೆ. ಪೆನ್ನು ಕೆಳಗೆ ಬಿದ್ದು ನಿಬ್ಬು ಬಗ್ಗಿದಾಗಲೂ ಇದೇ ಉಪಾಯ.

ಖರ್ಚಿನ ಲೆಕ್ಕದಲ್ಲಿ ಒಂದು ವಿಷಯ ಸೇರಿಸ್ಕೊಳ್ಳಿ. ಬೇರೆ ಕಂಪನಿ ಕಾರ್ಟ್ರಿಜ್ (ಇಂಕು ತುಂಬಿಸಿಟ್ಟ ಸಣ್ಣ ಪ್ಲಾಸ್ಟಿಕ್ ಕೊಳವೆ) ಇದಕ್ಕೆ ಆಗಲ್ಲ, ಲ್ಯಾಮಿಯ ಟಿ10 ಅನ್ನೋದೇ ಬೇಕು, ದಿನಾ ಮೂರು ಗಂಟೆ ಬರೆಯೋರಿಗೆ ಅದು ದುಬಾರಿ. ಬಾಟಲಿ ಇಂಕು ತುಂಬಬೇಕಂದ್ರೆ ಝಡ್28 ಅನ್ನೋ ಕನ್ವರ್ಟರ್, ಅಂದ್ರೆ ಬಾಟಲಿಯಿಂದ ಇಂಕು ಎಳ್ಕೊಳ್ಳೋ ಪುಟ್ಟ ಪಂಪು ಬೇಕು, ಬಹಳಷ್ಟು ಸಲ ಅದು ಪೆನ್ನಿನ ಜೊತೆ ಬರಲ್ಲ, ಬೇರೆ ದುಡ್ಡು. ಕನ್ವರ್ಟರಲ್ಲಿ ಕಾರ್ಟ್ರಿಜ್ಜಿಗಿಂತ ಕಮ್ಮಿ ಇಂಕು ಹಿಡಿಯುತ್ತೆ, ಹಾಗಾಗಿ ಬರೆಯೋಕೆ ಕೂರೋ ಮುಂಚೆ ತುಂಬಿಸ್ಕೊಳ್ಳೋ ರೂಢಿ ಬೇಕು, ಇಂಕು ಎಷ್ಟಿದೆ ಅಂತ ಬಾಡಿ ಮೇಲಿನ ಕಿಂಡಿಯಲ್ಲೇ ಕಾಣುತ್ತೆ. ಖಾಲಿ ಕಾರ್ಟ್ರಿಜ್ಜಿಗೆ ಸಿರಿಂಜಲ್ಲಿ ಇಂಕು ತುಂಬಿಸ್ಕೊಳ್ಳೋರೂ ಇದ್ದಾರೆ, ಅದೂ ನಡೆಯುತ್ತೆ. ಮತ್ತೆ ಹೊಸ ಪೆನ್ನು ಬಿಚ್ಚಿದಾಗ ಹಿಡಿಕೆಗೂ ಬಾಡಿಗೂ ಮಧ್ಯೆ ಒಂದು ರಟ್ಟಿನ ಉಂಗುರ ಇರುತ್ತೆ, ಸಾಗಿಸೋವಾಗ ಕಾರ್ಟ್ರಿಜ್ ತೂತಾಗಬಾರದು ಅಂತ ಹಾಕಿರ್ತಾರೆ. ಅದನ್ನ ತೆಗೆದುಹಾಕಿ ಪೂರ್ತಿ ತಿರುಗಿಸಿದ್ರೇನೇ ಕಾರ್ಟ್ರಿಜ್ ಒಳಗೆ ಚುಚ್ಕೊಂಡು ಇಂಕು ಇಳಿಯೋದು. ಎಷ್ಟೋ ಜನ ಉಂಗುರ ಹಾಗೇ ಬಿಟ್ಟು ಪೆನ್ನು ಕೆಟ್ಟಿದೆ ಅಂತ ವಾಪಸ್ ತಗೊಂಡು ಹೋಗ್ತಾರೆ.

ಪರೀಕ್ಷೆಗೆ ಯಾವ ಪೆನ್ನು, ಯಾವ ಬಣ್ಣ ಅಂತ ಅಭ್ಯರ್ಥಿಗಳ ಸೂಚನೆಯಲ್ಲಿ ಕೊಟ್ಟಿರ್ತಾರೆ, ಅದನ್ನ ಮೊದಲು ಓದಿ. ಪ್ರಾಕ್ಟೀಸ್ ಮಾಡೋದನ್ನ ತೆಳ್ಳನೆ ಪೇಪರ್ ಮೇಲೂ ಮಾಡ್ಲಿ, ಯಾಕಂದ್ರೆ ಒಳ್ಳೆ ನೋಟ್‌ಬುಕ್ಕಲ್ಲಿ ಮುದ್ದಾಗಿ ಬರೋ ಇಂಕು ಕಳಪೆ ಪೇಪರಲ್ಲಿ ಹರಡಿ ಹಿಂದಿನ ಪುಟಕ್ಕೆ ಇಳಿದುಬಿಡುತ್ತೆ. ಎಕ್ಸ್‌ಟ್ರಾ ಫೈನ್ ಅಂದಿದ್ದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಆನ್‌ಲೈನಲ್ಲಿ ನೋಡೋಕೆ ಥೇಟ್ ಸಫಾರಿ ಥರಾನೇ ಇರೋ ಪೆನ್ನು ತುಂಬಾ ಕಮ್ಮಿ ರೇಟಿಗೆ ಸಿಗ್ತಿದೆ. ತಗೋಬಹುದಾ?
– ಕಾಲೇಜು ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಎರಡು ಥರ ಇದಾವಮ್ಮ. ಚೀನಾದ ಜಿನ್‌ಹಾವೋ 599 ಅಂತ ಒಂದು, ಆಕಾರ ಎಲ್ಲಾ ಸಫಾರಿದೇ, ಆದ್ರೆ ಹೆಸರು ಲ್ಯಾಮಿದಲ್ಲ, ತಮ್ಮದೇ ಹಾಕ್ಕೊಂಡಿರ್ತಾರೆ. ಇಂಕ್ ಪೆನ್ನು ನನಗೆ ಒಗ್ಗುತ್ತಾ, ಈ ಹಿಡಿತ ಹೊಂದುತ್ತಾ ಅಂತ ಕಮ್ಮಿ ದುಡ್ಡಲ್ಲಿ ನೋಡೋಕೆ ಪರವಾಗಿಲ್ಲ, ಅದೃಷ್ಟ ಇದ್ರೆ ಚೆನ್ನಾಗೇ ಬರೆಯುತ್ತೆ. ಇನ್ನೊಂದು ಥರ ಲ್ಯಾಮಿ ಅಂತಾನೇ ಹೆಸರು ಹಾಕಿ ಮಾರೋ ನಕಲಿ, ಅದನ್ನ ಮುಟ್ಟಬೇಡಿ, ಅದಕ್ಕೆ ಗ್ಯಾರಂಟಿನೂ ಇಲ್ಲ, ಲ್ಯಾಮಿಯ ಬಿಡಿ ನಿಬ್ಬು, ಕನ್ವರ್ಟರು ಅದಕ್ಕೆ ಕೂರುತ್ತೆ ಅನ್ನೋ ಭರವಸೆನೂ ಇಲ್ಲ. ಅಸಲಿದರಲ್ಲಿ ಬಾಡಿ ತುದೀಲಿ ಹೆಸರು ಪ್ಲಾಸ್ಟಿಕ್ಕಿನೊಳಗೇ ಒತ್ತಿರುತ್ತೆ, ನಿಬ್ಬಿನ ಮೇಲೆ ಹೆಸರು, ಸೈಜು ಎರಡೂ ಇರುತ್ತೆ. ಅರ್ಧ ರೇಟಿಗೆ ಹೊಸ ಸಫಾರಿ ಅಂತ ಯಾರಾದ್ರೂ ಕೊಟ್ರೆ ಅನುಮಾನ ಪಡಿ. ದುಡ್ಡು ಉಳಿಸ್ಲೇಬೇಕು ಅಂದ್ರೆ ಜಪಾನಿನ ಪ್ಲಾಟಿನಂ ಪ್ರೆಪ್ಪಿ ನೋಡಿ, ಬಾಡಿ ನಾಜೂಕು, ಬಿದ್ರೆ ಬಿರುಕು ಬಿಡಬಹುದು, ಆದ್ರೆ ಕ್ಯಾಪ್ ಹಾಕಿಟ್ರೆ ತಿಂಗಳುಗಟ್ಟಲೆ ಇಂಕು ಒಣಗಲ್ಲ, ಸಣ್ಣ ನಿಬ್ಬು ಕನ್ನಡಕ್ಕೆ ಬಹಳ ಚೆನ್ನಾಗಿ ಒಗ್ಗುತ್ತೆ.

ಪ್ರಶ್ನೆ: ನಾನು ಎಡಗೈಯಲ್ಲಿ ಬರೀತೀನಿ. ಸಫಾರಿಗೆ ಎಡಗೈ ನಿಬ್ಬು ಬೇರೆ ಬರುತ್ತಂತೆ, ಅದನ್ನೇ ತಗೋಬೇಕಾ?
– ಓದುಗರು, ಕಾರ್ಕಳ

ಉತ್ತರ: ಬರುತ್ತೆ, ಆದ್ರೆ ತಗೊಳ್ಳಲೇಬೇಕು ಅಂತೇನಿಲ್ಲ. ಅದು ಹೆಚ್ಚುಕಮ್ಮಿ ಮೀಡಿಯಂ ದಪ್ಪ ಇರೋದ್ರಿಂದ ಕನ್ನಡಕ್ಕೆ ಮತ್ತೆ ಅದೇ ತೊಂದರೆ. ಹಿಡಿತದ ಆಕಾರ ಎರಡೂ ಕಡೆ ಒಂದೇ ಥರ ಇರೋದ್ರಿಂದ ಎಡಗೈಗೂ ಕೂರುತ್ತೆ. ನಿಮ್ಮ ಕೈ ಸಾಲಿನ ಕೆಳಗಿಂದ ಹೋದ್ರೆ ಮಾಮೂಲಿ ಎಕ್ಸ್‌ಟ್ರಾ ಫೈನ್ ಸಾಕು. ಕೈ ಮೇಲಿಂದ ಬಗ್ಗಿಸಿ ಬರೆಯೋರಾದ್ರೆ ಈಗಷ್ಟೇ ಬರೆದ ಅಕ್ಷರದ ಮೇಲೆ ಕೈ ಉಜ್ಜಿಕೊಂಡು ಹೋಗುತ್ತೆ, ಅದಕ್ಕೆ ಪರಿಹಾರ ಬೇಗ ಒಣಗೋ ಇಂಕೇ ಹೊರತು ನಿಬ್ಬಲ್ಲ.

ಪ್ರಶ್ನೆ: ಅಪ್ಪನ ಹಳೇ ಹೀರೋ ಪೆನ್ನು ಮೇಜಿನ ಡ್ರಾಯರಲ್ಲಿ ಸಿಕ್ತು. ಬರೆಯೋದಿಲ್ಲ. ಇದನ್ನ ಸರಿ ಮಾಡಿಸೋದು ಒಳ್ಳೇದಾ, ಹೊಸ ಲ್ಯಾಮಿ ತಗೊಳ್ಳೋದು ಒಳ್ಳೇದಾ?
– ಓದುಗರು, ಚಿತ್ರದುರ್ಗ

ಉತ್ತರ: ಮೊದಲು ಅಪ್ಪನ ಪೆನ್ನು ತೊಳೀರಿ, ಲ್ಯಾಮಿ ಎಲ್ಲೂ ಹೋಗಲ್ಲ. ನಿಬ್ಬು ಬಹುಪಾಲು ಒಳಗೆ ಮುಚ್ಚಿಕೊಂಡು ತುದಿ ಮಾತ್ರ ಹೊರಗೆ ಕಾಣೋ ಹೀರೋ ಆಗಿದ್ರೆ ಅದು ಪಾರ್ಕರ್ 51ರ ಮಾದರಿ ನೋಡಿ ಮಾಡಿದ್ದು, 1941ರಿಂದ ಮೂವತ್ತು ವರ್ಷ ಆ ಪೆನ್ನು ಜಗತ್ತೆಲ್ಲಾ ಓಡಿತ್ತು. ನಿಬ್ಬು ಮುಚ್ಚಿರೋದ್ರಿಂದ ಒಣಗಿದ ಇಂಕು ಒಳಗೇ ಕೂತಿರುತ್ತೆ, ಒಂದೇ ದಿನಕ್ಕೆ ಬಿಡಲ್ಲ. ಬಿಸಿನೀರು, ಸ್ಪಿರಿಟ್ಟು ಎರಡೂ ಬೇಡ, ಪ್ಲಾಸ್ಟಿಕ್ಕು ಹಾಳಾಗುತ್ತೆ. ಒಂದು ಲೋಟದಲ್ಲಿ ತಣ್ಣೀರು ತಗೊಂಡು ನಿಬ್ಬಿನ ಕಡೆ ಮುಳುಗೋ ಹಾಗೆ ರಾತ್ರಿ ನಿಲ್ಲಿಸಿ, ಬೆಳಿಗ್ಗೆ ನೀರು ಬದಲಾಯಿಸಿ, ನೀರಿಗೆ ಬಣ್ಣ ಬಿಡೋದು ನಿಲ್ಲೋವರೆಗೂ ಹೀಗೇ ಮಾಡಿ. ಆಮೇಲೆ ಬಾಡಿ ಬಿಚ್ಚಿ, ನಿಬ್ಬು ನೀರಲ್ಲಿಟ್ಟು, ಇಂಕ್ ಚೀಲದ ಮೇಲಿರೋ ಲೋಹದ ಪಟ್ಟಿ ಒತ್ತಿ ಬಿಟ್ಟು ನೀರು ಎಳೆಯುತ್ತಾ ನೋಡಿ. ಒತ್ತಿದಾಗ ಗಾಳಿ ಗುಳ್ಳೆನೇ ಬರ್ಲಿಲ್ಲ ಅಂದ್ರೆ ಇಂಕಿನ ದಾರಿ ಇನ್ನೂ ಕಟ್ಟಿಕೊಂಡಿದೆ, ಇನ್ನೆರಡು ದಿನ ನೀರಲ್ಲೇ ಬಿಡಿ. ಗುಳ್ಳೆ ಬಂದೂ ನೀರು ಎಳೀಲಿಲ್ಲ ಅಂದ್ರೆ ಇಂಕ್ ಚೀಲ ಬಿರುಕು ಬಿಟ್ಟಿರಬಹುದು, ಆಗ ಪೆನ್ನು ರಿಪೇರಿ ಗೊತ್ತಿರೋರ ಹತ್ರ ತೋರಿಸಿ. ನೀರು ಎಳೀತು ಅಂದ್ರೆ ಅರ್ಧ ಗೆದ್ದ ಹಾಗೆ. ಇಂಕು ತುಂಬೋವಾಗ ಒಂದೇ ಸಲ ಒತ್ತಿ ಬಿಟ್ರೆ ಸಾಲದು, ಪ್ರತಿ ಸಲ ಬಿಟ್ಟು ಸ್ವಲ್ಪ ಹೊತ್ತು ಕಾದು ಐದಾರು ಸಲ ಒತ್ತಬೇಕು, ಆಗಲೇ ಚೀಲ ತುಂಬೋದು. ಕ್ಯಾಮೆಲ್ ಕಂಪನಿಯ ಫೌಂಟನ್ ಪೆನ್ ಇಂಕು ಸಾಕು, ಡ್ರಾಯಿಂಗಿಗೆ ಮಾರೋ ಇಂಡಿಯನ್ ಇಂಕು ಮಾತ್ರ ಅಪ್ಪಿತಪ್ಪಿಯೂ ಹಾಕಬೇಡಿ, ಅದರಲ್ಲಿ ಅರಗು ಇರುತ್ತೆ, ಒಳಗೆ ಒಣಗಿದ್ರೆ ತಣ್ಣೀರಿಗೆ ಬಿಡೋದಿಲ್ಲ.